ಅಡ್ಡಿಯಿಲ್ಲ ಸಾಮಿ

ಆ ಭಾನುವಾರ ಚರ್ಚಿನಲ್ಲಿ ನಾನು ಎದ್ದು ನಿಂತೆ. ನಮ್ಮ ಮನೆಯಲ್ಲಿ ಇದನ್ನು ಪೂರ್ತಿಯಾಗಿ ಯಾರೂ ಒಪ್ಪುವುದಿಲ್ಲ. ಅಣ್ಣನ ಪ್ರಕಾರ ನಾನು ಕೂತ ಜಾಗ ಬಿಟ್ಟು ಏಳಲೇ ಇಲ್ಲ. ಅಕ್ಕನ ಪ್ರಕಾರ ಎದ್ದದ್ದು ನಿಜ, ಆದರೆ ಬಾಯಿಂದ ಮಾತು ಹೊರಡಲಿಲ್ಲ, ಹೆಂಗಸರ ಸಾಲಿನಿಂದ ಕೂಗಿ ಹೇಳಿದವಳು ಅವಳೇ. ಅವ್ವ ಬದುಕಿದ್ದಷ್ಟು ದಿನ ಅಂಥದ್ದೊಂದು ಭಾನುವಾರವೇ ಬಂದಿರಲಿಲ್ಲ ಎನ್ನುವಂತೆ ಇದ್ದಳು. ನಾನು ಮೈಸೂರಿನಲ್ಲಿ ಇತಿಹಾಸ ಓದಿ ಅದನ್ನೇ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಒಬ್ಬ ಸಾಕ್ಷಿಯ ಮಾತನ್ನು ಉಳಿದ ಮೂವರು ಅಲ್ಲಗಳೆದರೆ ಆ ಒಬ್ಬನನ್ನು ಅನುಮಾನದಿಂದ ನೋಡಬೇಕೆಂದು ತರಗತಿಯಲ್ಲಿ ಹೇಳಿಕೊಟ್ಟವನು. ಆ ಪಾಠದಂತೆ ನಡೆದರೆ ನನ್ನ ನೆನಪನ್ನು ನಾನೇ ತಳ್ಳಿಹಾಕಬೇಕು. ಹಾಕುವುದಿಲ್ಲ. ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ, ಆದರೆ ಎದ್ದು ನಿಂತದ್ದನ್ನು ಬಿಟ್ಟುಕೊಡುವುದಿಲ್ಲ. ಇವತ್ತಿನ ನಾನು ಹುಟ್ಟಿದ್ದು ಅವ್ವನ ಹೊಟ್ಟೆಯಲ್ಲಲ್ಲ, ಆ ಚರ್ಚಿನ ಕೆಂಪು ಗಾರೆಯ ನೆಲದ ಮೇಲೆ, ಮೊಣಕಾಲು ಜೋಮು ಹಿಡಿದಿದ್ದ ಆ ಗಳಿಗೆಯಲ್ಲಿ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸು ಇಳಿದು, ನಾಲೆಯ ಏರಿ ಹಿಡಿದು ನಡೆದರೆ ನಮ್ಮ ಊರು. ಒಕ್ಕಲಿಗರ ಬೀದಿ ದಾಟಿದ ಮೇಲೆ ನಮ್ಮವರ ಹದಿನೈದಿಪ್ಪತ್ತು ಮನೆ, ಕೊನೆಗೆ ಚರ್ಚು. ನಮ್ಮ ಮನೆಯಲ್ಲಿ ಒಳ್ಳೆಯ ಕೋಣೆ ಇದ್ದದ್ದು ರೇಷ್ಮೆ ಹುಳುಗಳಿಗೆ. ಗಾಳಿ, ಬೆಳಕು, ಸುಣ್ಣ ಬಳಿದ ಗೋಡೆ ಎಲ್ಲವೂ ಅವಕ್ಕೆ. ಬಿದಿರಿನ ತಟ್ಟೆಗಳನ್ನು ಜೋಡಿಸಿದ ಮೇಲೆ ಉಳಿದ ಜಾಗ ನಮಗೆ. ಹುಳು ಮನೆಯಲ್ಲಿದ್ದಾಗ ಅಪ್ಪ ಬೀಡಿ ಸೇದಲು ಬೇಲಿಯಾಚೆ ಹೋಗಬೇಕು, ಅವ್ವ ಒಗ್ಗರಣೆಗೆ ಇಂಗು ಹಾಕುವಂತಿಲ್ಲ. ನಡುಮನೆಯ ಗೂಡಿನಲ್ಲಿ ಮರಿಯಮ್ಮನವರ ಪಟ, ಪಕ್ಕದಲ್ಲಿ ಹರಳೆಣ್ಣೆಯ ದೀಪ, ಅದರಡಿ ದಿನವೂ ಸಂಜೆ ಜಪಸರ. ಅವ್ವ ಮುಂದೆ ಹೇಳುವಳು, ನಾವು ಹಿಂದೆ ಹೇಳುವೆವು. ಅಪ್ಪ ಎರಡನೆಯ ಹತ್ತು ಮಣಿ ಮುಗಿಯುವುದರೊಳಗೆ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಿದ್ದ. ತಾತನಿಗೆ ಕಿವಿ ಮಂದ. ಸಂತರ ಹೆಸರೆಲ್ಲ ಮುಗಿದು ಎಲ್ಲರೂ ಎದ್ದ ಮೇಲೂ ಅವನೊಬ್ಬ "ನಮಗಾಗಿ ಪ್ರಾರ್ಥಿಸಿರಿ" ಎನ್ನುತ್ತಿದ್ದ. ಒಳಗಿನ ಕೋಣೆಯಿಂದ ಹುಳುಗಳು ಸೊಪ್ಪು ತಿನ್ನುವ ಸದ್ದು ಒಂದೇ ಸಮನೆ ಬರುತ್ತಿತ್ತು. ನನ್ನ ಮಟ್ಟಿಗೆ ದೇವರ ಸದ್ದು ಎಂದರೆ ಅದೇ: ಏನೋ ಒಂದು ಪಕ್ಕದ ಕೋಣೆಯಲ್ಲಿ ಎಡೆಬಿಡದೆ ತಿನ್ನುತ್ತಿದೆ, ನಾವು ಅದರ ಅನುಕೂಲ ನೋಡಿಕೊಂಡು ಬದುಕಬೇಕು.

ಅಣ್ಣ ರಾಯಪ್ಪ ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನು. ಅವನು ಕೂಸಾಗಿದ್ದಾಗ ಜ್ವರ ಬಂದು ಮೈ ಸೆಟೆದುಕೊಂಡಿತಂತೆ. ಅವ್ವ ಮರಿಯಮ್ಮನವರ ಪಟದ ಮುಂದೆ ಸೆರಗೊಡ್ಡಿ, ಉಳಿಸಿಕೊಟ್ಟರೆ ನಿನ್ನ ಮಗನ ಸೇವೆಗೆ ಇವನನ್ನು ಬಿಡುತ್ತೇನೆ ಎಂದಳಂತೆ. ಜ್ವರ ಇದ್ದದ್ದು ಒಂದು ಸಲ ಹೇಳುವಾಗ ಮೂರು ದಿನ, ಇನ್ನೊಂದು ಸಲ ಏಳು ದಿನ. ಮದ್ದೂರಿನ ಡಾಕ್ಟರು ಕೊಟ್ಟ ಸೂಜಿ ಕೆಲವು ಸಲ ಕತೆಯಲ್ಲಿ ಬರುತ್ತಿತ್ತು, ಕೆಲವು ಸಲ ಬರುತ್ತಿರಲಿಲ್ಲ. ಅಂತೂ ಮಗು ಉಳಿಯಿತು, ಹತ್ತನೆಯ ತರಗತಿ ಆದ ಕೂಡಲೆ ಫಾದರ್ ಆಗುವವರು ಓದುವ ಗುರುಮಠಕ್ಕೆ ಹೋಯಿತು. ಪಕ್ಕದ ಮನೆಯ ನಿಂಗಮ್ಮ ನಮ್ಮ ಧರ್ಮದವಳಲ್ಲ, ಆದರೆ ನಮ್ಮ ಮನೆಯ ಎಲ್ಲ ವಿಷಯಕ್ಕೂ ಅವಳದೊಂದು ಮಾತು ಇರುತ್ತಿತ್ತು. ಅಣ್ಣ ರಜೆಗೆ ಬಂದಾಗಲೆಲ್ಲ ಬೇಲಿಯ ಮೇಲಿಂದ ಕತ್ತು ಚಾಚಿ ಅವ್ವನನ್ನು ಕೆಣಕುವಳು.

"ನಾವು ದ್ಯಾವ್ರಿಗೆ ಹೋರಿ ಬುಡ್ತೀವಿ, ನೀವು ಮಗನ್ನೇ ಬುಟ್ರಲ್ಲ ಸವೇರಮ್ಮ. ಬಸವನ್ನ ಯಾರ್ ಗದ್ದೆ ಮೇಯ್ದ್ರೂ ಕೇಳಾಂಗಿಲ್ಲ. ನಿನ್ ಮಗ್ನೂ ಅಂಗೇಯಾ?"

"ಬಾಯ್ಮುಚ್ಚೆ ನಿಂಗಿ. ಸಾಮಿ ಆಗೋನ ಬಗ್ಗೆ ಅಂಗೆಲ್ಲ ಅನ್ಬಾರ್ದು."

ಅಣ್ಣ ನಗುತ್ತಿದ್ದ. ನಕ್ಕನೆಂದೇ ನನ್ನ ನೆನಪು.

ನಾನು ಹೇಳುತ್ತಿರುವುದು ಅವನು ಓದು ಮುಗಿಸಿ ಬಂದ ಬೇಸಿಗೆಯ ಮಾತು. ಗುರುಪಟ್ಟಕ್ಕೆ ಮುಂಚೆ ಒಂದು ಮೆಟ್ಟಿಲಿದೆ, ಡೀಕನ್ ಪಟ್ಟ. ಮದುವೆಯಾಗುವುದಿಲ್ಲ ಎಂಬ ಮಾತನ್ನು ಕೊಡಬೇಕಾದದ್ದು ಆಗಲೇ. ಆ ಮೆಟ್ಟಿಲು ಹತ್ತಿದ ಮೇಲೆ ಇಳಿಯುವ ದಾರಿ ಬಹಳ ಇಕ್ಕಟ್ಟು. ಬಿಷಪರು ನಮ್ಮೂರ ಚರ್ಚಿಗೇ ಬಂದು ಪಟ್ಟ ಕೊಡುವುದೆಂದು ಆಗಿತ್ತು. ಅದೇ ಹೊತ್ತಿಗೆ ಅಕ್ಕ ಆರೋಗ್ಯಮ್ಮನಿಗೆ ಬಸರಾಳು ಕಡೆಯ ಒಬ್ಬ ಲೈನ್‌ಮನ್ ಜೊತೆ ಮದುವೆ ಗೊತ್ತಾಯಿತು. ಅವ್ವ ಒಂದೇ ಚಪ್ಪರದಲ್ಲಿ ಎರಡನ್ನೂ ಮಾಡುವುದೆಂದಳು: ಶನಿವಾರ ಮಗನ ಪಟ್ಟ, ಸೋಮವಾರ ಮಗಳ ಮದುವೆ. ಆ ಬೇಸಿಗೆಯಲ್ಲಿ ಅವಳಷ್ಟು ಸಂತೋಷವಾಗಿದ್ದವರನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಇದನ್ನೂ ಬರೆಯಬೇಕು, ಏಕೆಂದರೆ ನಾನು ಹಾಳು ಮಾಡಿದ್ದು ಅದನ್ನೇ.

ಅಣ್ಣ ಟ್ರಂಕು ಹೊತ್ತು ಜಗಲಿ ಹತ್ತಿದಾಗ ಅವ್ವ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು.

"ಬನ್ನಿ ಸಾಮಿ. ಬಿಸ್ನೀರು ಕಾದದೆ, ಮೊಕ ತೊಳ್ಕಳಿ."

ಅಣ್ಣ ತನ್ನ ಹಿಂದೆ ಯಾರೋ ಫಾದರ್ ಬಂದಿರಬೇಕೆಂದು ತಿರುಗಿ ನೋಡಿದ. ಬೀದಿಯಲ್ಲಿ ಕೋಳಿ ಬಿಟ್ಟು ಯಾರೂ ಇರಲಿಲ್ಲ. ಹಿಂದಿನ ರಜೆಯವರೆಗೂ ಅವನು ಅವ್ವನಿಗೆ "ಲೇ ರಾಯ"ನೇ ಆಗಿದ್ದ. ಈಗ "ನೀವು", "ಬನ್ನಿ", "ಉಂಡ್ರಾ". ಸೊಪ್ಪು ಕೊಯ್ಯಲು ಬಿಡಲಿಲ್ಲ, ಸೌದೆ ಮುಟ್ಟಲು ಬಿಡಲಿಲ್ಲ. ನಮಗೆಲ್ಲ ಮುದ್ದೆ ಉಪ್ಸಾರು, ಅವನಿಗೆ ಬೇರೆ ತಟ್ಟೆಯಲ್ಲಿ ಅನ್ನ. ಅವನಿಗೆ ಮುದ್ದೆ ಎಂದರೆ ಪ್ರಾಣ. ಅವ್ವ ಒಲೆ ಕಡೆ ತಿರುಗಿದಾಗ ನನ್ನ ತಟ್ಟೆಯಿಂದ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡು ಅಗಿಯದೆ ನುಂಗುತ್ತಿದ್ದ. ಕಳ್ಳನ ಹಾಗೆ ಕಣ್ಣಲ್ಲೇ "ಹೇಳಬೇಡ" ಎನ್ನುತ್ತಿದ್ದ. ಹೆತ್ತ ತಾಯಿಯ ಬಾಯಲ್ಲಿ ಬಹುವಚನ ಕೇಳಿಸಿಕೊಂಡು ಒಬ್ಬ ಮನುಷ್ಯ ತನ್ನ ಮನೆಯಲ್ಲೇ ನೆಂಟನಾಗುವುದನ್ನು ನಾನು ದಿನಕ್ಕೆ ಎರಡು ಸಲ, ಊಟದ ಹೊತ್ತಿಗೆ, ನೋಡಿದೆ.

ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಚರ್ಚಿನಲ್ಲಿ ಓದುತ್ತಾರೆ. ಈ ಮದುವೆಗೆ ಅಡ್ಡಿಯೇನಾದರೂ ಯಾರಿಗಾದರೂ ಗೊತ್ತಿದ್ದರೆ ಗುರುಗಳಿಗೆ ತಿಳಿಸಬೇಕು ಎನ್ನುತ್ತಾರೆ. ನಮ್ಮ ಜನ ಇದನ್ನು ಹೆಸರು ಕೂಗುವುದು ಎನ್ನುತ್ತಿದ್ದರು. ಪಟ್ಟ ತೆಗೆದುಕೊಳ್ಳುವವರ ಹೆಸರನ್ನೂ ಅವರ ಊರಿನ ಚರ್ಚಿನಲ್ಲಿ ಹಾಗೆಯೇ ಕೂಗುತ್ತಾರೆ, ಅದೇ ಪ್ರಶ್ನೆಯನ್ನು ಕೇಳುತ್ತಾರೆ ಎಂದು ನಮಗೆ ಗೊತ್ತಾದದ್ದು ಆಗಲೇ. ಮೊದಲನೆಯ ಭಾನುವಾರ ಫಾದರ್ ಅಕ್ಕನ ಹೆಸರು ಓದಿ, ಅಡ್ಡಿಯಿದ್ದರೆ ತಿಳಿಸಿ ಎಂದರು. ತಾತನಿಗೆ ಆ ಒಂದು ಮಾತು ಮಾತ್ರ ಕಿವಿಗೆ ಬಿತ್ತು. ಸಂತೆಯಲ್ಲಿ, ಗದ್ದೆಯಲ್ಲಿ, ಬೀಗರ ಮನೆಯಲ್ಲಿ ಜೀವನವಿಡೀ ಅವನು ಅದಕ್ಕೆ ಕೊಟ್ಟ ಉತ್ತರ ಒಂದೇ.

"ಅಡ್ಡಿಯಿಲ್ಲ ಸಾಮಿ!"

ಚರ್ಚು ನಗೆಯಲ್ಲಿ ಮುಳುಗಿತು. ಅಣ್ಣನ ಹೆಸರು ಓದಿದಾಗಲೂ ಹಾಗೆಯೇ, ಎರಡನೆಯ ಭಾನುವಾರವೂ ಹಾಗೆಯೇ. ಆ ಹೊತ್ತಿಗೆ ಫಾದರ್ ಪ್ರಶ್ನೆ ಕೇಳಿ ತಾತನ ಕಡೆ ನೋಡಿ ಕಾಯತೊಡಗಿದ್ದರು. ಎಲ್ಲರಿಗೂ ಅದೊಂದು ತಮಾಷೆ. ಪ್ರಶ್ನೆಯನ್ನು ಪ್ರಶ್ನೆಯೆಂದು ತಿಳಿದು ಉತ್ತರ ಕೊಟ್ಟವನು ಆ ಜನದಲ್ಲಿ ಕಿವುಡನೊಬ್ಬನೇ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೂರನೆಯ ಭಾನುವಾರಕ್ಕೆ ಎರಡು ದಿನ ಮುಂಚೆ ಹುಳು ಹಣ್ಣಾದವು. ಹಣ್ಣಾದ ಹುಳುವಿನ ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುತ್ತದೆ. ಅಂಥವನ್ನು ಆರಿಸಿ ಚಂದ್ರಿಕೆಯ ಮೇಲೆ ಬಿಟ್ಟರೆ ಗೂಡು ಕಟ್ಟುತ್ತವೆ. ಚಂದ್ರಿಕೆ ಎಂದರೆ ಬಿದಿರಿನ ಚಾಪೆಯ ಮೇಲೆ ಸುತ್ತುಸುತ್ತಾಗಿ ಕೂರಿಸಿದ ಪಟ್ಟಿ. ಆರಿಸುವುದು ತಡವಾದರೆ ನೂಲು ವ್ಯರ್ಥ. ಮನೆಯವರೆಲ್ಲ ಸೇರಬೇಕಾದ ಕೆಲಸ. ಅವ್ವ ಅಕ್ಕನ ಸೀರೆಗಳಿಗೆಂದು ಮಂಡ್ಯಕ್ಕೆ ಹೋಗಿದ್ದಳಾದ್ದರಿಂದ ಅಣ್ಣ ಬಿಳಿ ಅಂಗಿ ಕಳಚಿ, ಬನೀನಿನಲ್ಲಿ ನನ್ನ ಜೊತೆ ಕೂತ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಅವನ ಬೆನ್ನಿನ ಮೇಲೆ ಬಿದ್ದಿತ್ತು. ಇನ್ನೂ ಹಣ್ಣಾಗದ ಹುಳುಗಳು ಸುತ್ತಲಿನ ತಟ್ಟೆಗಳಲ್ಲಿ ಸೊಪ್ಪು ಹರಿಯುತ್ತಿದ್ದವು. ಆ ಸದ್ದಿನಲ್ಲಿ ಪಕ್ಕದವರ ಮಾತೂ ಅರ್ಧಂಬರ್ಧ.

"ಅಣ್ಣ, ಪಟ್ಟ ಆಗ್ಬುಟ್ರೆ ನೀನು ಮದ್ವೆನೇ ಆಗಂಗಿಲ್ವಾ?"

"ಇಲ್ಲ ಕಣ್ಲಾ."

"ನಮ್ಮನೇಲೂ ಇರಂಗಿಲ್ವಾ?"

"ಅವ್ರು ಎಲ್ಲಿಗೆ ಕಳುಸ್ತಾರೋ ಅಲ್ಲಿ."

"ನಿಂಗೆ ಒಂಥರಾ ಆಗಕಿಲ್ವಾ?"

ಅವನು ಬೆನ್ನು ತಿರುಗಿಸಿ ಚಂದ್ರಿಕೆ ಎತ್ತಿ ಗೋಡೆಗೆ ಒರಗಿಸುತ್ತಿದ್ದ. ಗೋಡೆಗೇ ಹೇಳಿದ ಹಾಗೆ ಹೇಳಿದ:

"ನಂಗೇನೂ ಇಷ್ಟ ಇಲ್ಲ ಕಣ್ಲಾ."

ನಾನು ಕೇಳಿಸಿಕೊಂಡದ್ದು ಇದು. ಎಷ್ಟೋ ವರ್ಷಗಳ ಮೇಲೆ, ಮಳವಳ್ಳಿಯ ಬಸ್ ನಿಲ್ದಾಣದ ಮುಂದಿನ ಹೋಟೆಲಿನಲ್ಲಿ ಕಾಫಿ ಆರಿಸುತ್ತ ಅಣ್ಣ ಹೇಳಿದ, ತಾನು ಅಂದದ್ದು "ನಂಗೇನೂ ಕಷ್ಟ ಇಲ್ಲ ಕಣ್ಲಾ" ಎಂದು. ಒಂದು ಅಕ್ಷರ. ಹುಳುಗಳ ಬಾಯಿಗೆ ಸಿಕ್ಕಿ ಹೋದದ್ದು ಆ ಒಂದು ಅಕ್ಷರವೇ ಇರಬಹುದು. ಆದರೆ ಕಷ್ಟವಿಲ್ಲದವನು ಹಾಗೆ ಬೆನ್ನು ತಿರುಗಿಸಿ ಹೇಳುವುದಿಲ್ಲ ಎಂದು ನಾನು ವಾದಿಸಿದೆ. ಚಂದ್ರಿಕೆ ಎತ್ತುವವನು ಬೆನ್ನು ತಿರುಗಿಸದೆ ಇನ್ನೇನು ಮಾಡುತ್ತಾನೆ ಎಂದು ಅವನು ಕೇಳಿದ.

ಮೂರನೆಯ ಭಾನುವಾರ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ, ಎಂದಿನಂತೆ ನೆಲದ ಮೇಲೆ. ಅಣ್ಣ ಮುಂದಿನ ಸಾಲಿನಲ್ಲಿ, ನಾನು ತಾತನ ಪಕ್ಕದಲ್ಲಿ. ಫಾದರ್ ಅಕ್ಕನ ಹೆಸರು ಓದಿದರು. ತಾತ "ಅಡ್ಡಿಯಿಲ್ಲ ಸಾಮಿ" ಎಂದ. ನಗು. ಆಮೇಲೆ ಪೀಟರ್ ರಾಯಪ್ಪ ಎಂದು ಅಣ್ಣನ ಪೂರ್ತಿ ಹೆಸರು. ತಾತ ಮತ್ತೆ "ಅಡ್ಡಿಯಿಲ್ಲ ಸಾಮಿ". ಮತ್ತೆ ನಗು. ಆ ನಗು ಇಳಿಯುವ ಹೊತ್ತಿಗೆ ನಾನು ಎದ್ದು ನಿಂತಿದ್ದೆ. ಎಡಗಾಲಿಗೆ ಜೋಮು ಹಿಡಿದು ತಾತನ ತಲೆಯ ಮೇಲೆ ಕೈಯೂರಿದ್ದೆ, ಅವನ ಬೋಳು ತಲೆಯ ಬಿಸಿ ಇನ್ನೂ ನನ್ನ ಅಂಗೈಯಲ್ಲಿದೆ.

"ಅಡ್ಡಿ ಅದೆ ಸಾಮಿ. ಅಣ್ಣಂಗೆ ಇಷ್ಟ ಇಲ್ಲ."

ಅಕ್ಕ ಹೇಳುವ ಪ್ರಕಾರ ನಾನು ಎದ್ದು ಬಾಯಿ ತೆರೆದದ್ದಷ್ಟೇ, ಈ ಮಾತನ್ನು ಕೂಗಿ ಹೇಳಿದ್ದು ಅವಳು. ಅಣ್ಣ ಹೇಳುವ ಪ್ರಕಾರ ಇದ್ಯಾವುದೂ ಆಗಲಿಲ್ಲ. "ನೀನು ಅಂದಿದ್ದು ನನ್ ಹತ್ರ, ಹುಳಿನ್ ಕೋಣೇಲಿ. 'ಇಷ್ಟ ಇಲ್ದಿದ್ಮೇಲೆ ಯಾಕ್ ಓಯ್ತೀಯ' ಅಂದೆ. ನಾನೇ ಫಾದರ್ ಹತ್ರ ಹೋಗಿ ಹೇಳ್ದೆ. ನೀನು ಕತೆ ಕಟ್ಟಿಕೊಂಡಿದೀಯ" ಎನ್ನುತ್ತಾನೆ. ತನ್ನ ಬದುಕಿನ ದೊಡ್ಡ ತೀರ್ಮಾನವನ್ನು ಹನ್ನೆರಡರ ತಮ್ಮ ತೆಗೆದುಕೊಂಡನೆಂದು ಒಪ್ಪಿಕೊಳ್ಳುವುದು ಯಾವ ಗಂಡಸಿಗೂ ಸುಲಭವಲ್ಲ, ಬಿಡಿ. ನನಗೆ ಖಚಿತವಾಗಿ ನೆನಪಿರುವುದು ಇಷ್ಟು: ಫಾದರ್ ಕಾಗದವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

ಮನೆಗೆ ಬಂದ ಕೂಡಲೆ ಅಪ್ಪ ನನ್ನ ಕಿವಿ ಹಿಡಿದ.

"ಯಾವನ್ಲಾ ನಿಂಗೆ ಏಳ್ಕೊಟ್ಟೋನು?"

"ಯಾರೂ ಇಲ್ಲ. ಅಡ್ಡಿ ಇದ್ರೆ ಏಳಿ ಅಂದ್ರು, ಏಳ್ದೆ."

"ಅದು ಕೇಳಕ್ಕೆ ಕೇಳೋದು ಕಣ್ಲಾ ಬಡ್ಡೀಮಗನೇ! ಏಳಕ್ಕಲ್ಲ!"

ಅಪ್ಪ ತಿಳಿಯದೆ ಆಡಿದ ಆ ಮಾತು ನನ್ನ ಇಡೀ ಓದಿಗೆ ಸಾಕಾಯಿತು. ಉತ್ತರ ಬೇಡದ ಪ್ರಶ್ನೆಗಳನ್ನು ಕೇಳುವವರ ಮೇಲೆ ನನಗೆ ಅಂದು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಅವ್ವ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಎದೆ ಬಡಿದುಕೊಂಡಳು. ಬೀಗರು ಸಂಬಂಧ ಬಿಡುತ್ತಾರೆ, ಹರಕೆ ತಪ್ಪಿದ ಮನೆ ಉಳಿಯುವುದಿಲ್ಲ, ಮರಿಯಮ್ಮನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದಳು. ಆಗ ಅಕ್ಕ ಬಾಯಿ ತೆರೆದಳು. ತನ್ನದೇ ಮದುವೆ ನೀರಿನ ಪಾಲಾಗುವ ಹೊತ್ತಿನಲ್ಲಿ ಅವಳು ಹೀಗೆ ಕೇಳಿದಳೆಂಬುದಕ್ಕೆ ನಾನು ಅವಳಿಗೆ ಇವತ್ತಿಗೂ ತಲೆ ಬಾಗುತ್ತೇನೆ.

"ನನ್ನ ಮೂರ್ ಸಲ ಕೇಳಿದ್ರಲ್ಲವ್ವ, ಹುಡ್ಗ ಒಪ್ಗೇನಾ ಅಂತ. ನೀನೂ ಕೇಳ್ದೆ, ಸಾಮೀನೂ ಕೇಳುದ್ರು. ಅಣ್ಣನ್ನ ಯಾವತ್ತು ಕೇಳುದ್ರಿ?"

"ಅವ್ನು ದ್ಯಾವ್ರಿಗೆ ಬುಟ್ಟೋನು ಕಣೆ!"

"ಬುಟ್ಟಿದ್ದು ನೀನು. ಅವ್ನು ಬುಟ್ನಾ?"

ಬಿಸಿಲು ಏರುವ ಮುನ್ನ ಫಾದರ್ ಬಂದು ಜಗಲಿಯ ಮೇಲೆ ಕೂತರು. ಒಳ್ಳೆಯ ಮನುಷ್ಯ, ಮೈ ಬೆವರಿತ್ತು. ಅವ್ವ ಮಜ್ಜಿಗೆ ತಂದಿಟ್ಟಳು, ಅವರು ಮುಟ್ಟಲಿಲ್ಲ. ಅಣ್ಣ ಕಂಬದ ಪಕ್ಕ ನಿಂತಿದ್ದ.

"ರಾಯಪ್ಪ, ತಮ್ಮ ಹೇಳಿದ್ದು ನಿಜವೇನಪ್ಪ? ನೀನು ಹಾಗೆ ಅಂದೆಯಾ?"

ಅಣ್ಣ ನನ್ನನ್ನು ನೋಡಿದ. ಅವನು ಅಂದು "ಕಷ್ಟ" ಎಂದಿದ್ದನೆಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ ಆ ಗಳಿಗೆಯಲ್ಲಿ ಅವನಿಗೆ ಎರಡು ದಾರಿಗಳಿದ್ದವು: ಹುಡುಗ ತಪ್ಪಾಗಿ ಕೇಳಿಸಿಕೊಂಡ ಎಂದು ನಕ್ಕು ಬಿಡುವುದು, ಇಲ್ಲವೇ ತಪ್ಪಾಗಿ ಕೇಳಿಸಿದ ಮಾತನ್ನು ತನ್ನದೆನ್ನುವುದು. ನಿಂಗಮ್ಮ ಬೇಲಿಯಾಚೆ ಕಸ ಗುಡಿಸುವುದನ್ನು ನಿಲ್ಲಿಸಿದ್ದಳು.

"ಹೌದು ಫಾದರ್," ಎಂದ. "ನಾನೇ ಅಂದೆ."

ಫಾದರ್ ಮಜ್ಜಿಗೆ ಎತ್ತಿ ಒಂದೇ ಗುಟುಕಿಗೆ ಕುಡಿದರು. "ಪಟ್ಟ ತಗೊಂಡ ಮೇಲೆ ಹೇಳಿದ್ದಿದ್ರೆ ಕಷ್ಟವಾಗ್ತಿತ್ತು. ಇವತ್ತೇ ಹೇಳಿದ್ದು ಒಳ್ಳೇದಾಯ್ತು" ಎಂದು ಎದ್ದರು. ಅವ್ವ ಅವರ ಬೆನ್ನಿಗೂ ಕೈ ಮುಗಿಯಲಿಲ್ಲ.

ಅಂದಿನಿಂದ ಅವ್ವ ಅಣ್ಣನನ್ನು ಏನೆಂದೂ ಕರೆಯಲಿಲ್ಲ. "ನೀವು" ಎನ್ನುವ ಹಾಗಿಲ್ಲ, "ನೀನು" ಎನ್ನಲು ಮನಸ್ಸಿಲ್ಲ. "ನೀರು ಕಾದದೆ" ಎಂದು ಹಂಡೆಗೆ ಹೇಳುವಳು. "ಊಟ ಆರೋಯ್ತದೆ" ಎಂದು ಕಂಬಕ್ಕೆ ಹೇಳುವಳು. ಅಣ್ಣ ಆ ಮಾತುಗಳನ್ನು ಕಂಬದಿಂದ ಎತ್ತಿಕೊಂಡು ಹೋಗಿ ಉಣ್ಣುತ್ತಿದ್ದ. ಆದರೆ ತಟ್ಟೆಯಲ್ಲಿ ಮುದ್ದೆಯಿತ್ತು. ಬೀಗರು ಸಂಬಂಧ ಬಿಡಲಿಲ್ಲ. ಲೈನ್‌ಮನ್ ಭಾವ ಬಂದು, ನಾನು ಮದುವೆಯಾಗುವುದು ಆರೋಗ್ಯಳನ್ನು, ಅವಳ ಅಣ್ಣನನ್ನಲ್ಲ ಎಂದು ಹೇಳಿ ಹೋದ. ಅದೇ ವಾರ ಮುಂದಿನ ಬೆಳೆಗೆಂದು ತಂದ ಮೊಟ್ಟೆಯೊಡೆದು ಬಂದಿದ್ದ ಎಳೆಹುಳುಗಳು ತಟ್ಟೆತಟ್ಟೆಯಾಗಿ ಸತ್ತವು. ಅವ್ವ ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿ ತಂದು ನನ್ನ ಮುಂದೆ ಇಟ್ಟಳು.

"ನೋಡು. ಅರ್ಕೆ ತಪ್ಪಿದ್ದಕ್ಕೆ ಮರಿಯಮ್ಮ ಕೊಟ್ಟಿದ್ದು."

ನಾನು ಬೇಲಿ ಹಾರಿ ನಿಂಗಮ್ಮನ ಮನೆಗೆ ಹೋದೆ. ಅವಳ ಹುಳುಗಳೂ ಸತ್ತಿದ್ದವು. ಅವಳ ಆಚೆಯ ಮನೆಯಲ್ಲೂ ಸತ್ತಿದ್ದವು. ಎಲ್ಲರೂ ಒಂದೇ ಕಡೆಯಿಂದ ಮೊಟ್ಟೆ ತಂದಿದ್ದರು. ಓಡಿ ಬಂದು ಕೇಳಿದೆ:

"ನಿಂಗಕ್ಕನ ಹುಳಾನೂ ಸತ್ತೋಗವೆ. ಅವ್ಳು ಮರಿಯಮ್ಮಂಗೆ ಏನ್ ಅರ್ಕೆ ಹೊತ್ತಿದ್ಲು?"

ಅವ್ವ ಕೆನ್ನೆಗೆ ಬಿಟ್ಟಳು. ಆ ಏಟಿನಿಂದ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಉತ್ತರ ಬರಲಿಲ್ಲ ಎಂಬುದು ನೆನಪಿದೆ. ಆಮೇಲೆ ವಿಶ್ವವಿದ್ಯಾನಿಲಯದಲ್ಲಿ ನಾನು ಕಲಿತದ್ದೆಲ್ಲ ಆ ಪ್ರಶ್ನೆಯನ್ನು ಸ್ವಲ್ಪ ಉದ್ದವಾಗಿ ಕೇಳುವ ರೀತಿಯನ್ನು, ಅಷ್ಟೆ. ನನ್ನ ಜನ ನನ್ನನ್ನು ಧರ್ಮ ಬಿಟ್ಟವನೆನ್ನುತ್ತಾರೆ. ಅನ್ನಲಿ. ಒಂದು ಮೊರ ಸತ್ತ ಹುಳುಗಳ ಮುಂದೆ ಹನ್ನೆರಡರ ಹುಡುಗನಿಗೆ ತೋರಿದ್ದನ್ನು ಅರವತ್ತು ದಾಟಿದವನು ಮರೆತಂತೆ ನಟಿಸಬೇಕೆಂದರೆ ನನ್ನಿಂದಾಗದು.

ಇಬ್ಬರಿಗೆಂದು ಹಾಕಿದ ಚಪ್ಪರ ದೊಡ್ಡದಾಯಿತು. ಶನಿವಾರ ಅದರಡಿ ಯಾರೂ ಕೂರಲಿಲ್ಲ. ಬಿಷಪರಿಗೆಂದು ತಂದ ಕುರ್ಚಿಯ ಮೇಲೆ ನಿಂಗಮ್ಮನ ಬೆಕ್ಕು ಮಲಗಿತ್ತು. ಸೋಮವಾರ ಚರ್ಚಿನಲ್ಲಿ ಫಾದರ್ ಅಕ್ಕ ಭಾವ ಇಬ್ಬರನ್ನೂ ಕೇಳಿದರು, ಯಾರ ಬಲವಂತವೂ ಇಲ್ಲದೆ ಸ್ವಂತ ಮನಸ್ಸಿನಿಂದ ಬಂದಿದ್ದೀರಾ ಎಂದು. ಭಾವ ಮೆಲ್ಲಗೆ ಹೌದೆಂದ. ಅಕ್ಕ ಹೆಂಗಸರ ಸಾಲಿನಲ್ಲಿದ್ದ ಅವ್ವನ ಕಡೆ ಕತ್ತು ತಿರುಗಿಸಿ, ಕೊನೆಯ ಸಾಲಿಗೂ ಕೇಳುವಂತೆ "ಹೌದು" ಎಂದಳು. ಊಟಕ್ಕೆ ಜನ ಕೂತಾಗ ಸಾರಿನ ಹಂಡೆ ಒಲೆಯ ಮೇಲೆ ವಾಲಿತು. ಅವ್ವ ಸೌಟು ಹಿಡಿದು ಆಚೆ ತುದಿಯಲ್ಲಿದ್ದಳು, ಹಂಡೆಯ ಹತ್ತಿರ ಅಣ್ಣ ಕೈಕಟ್ಟಿ ನಿಂತಿದ್ದ.

"ಲೇ ರಾಯ! ಕಣ್ ಕಾಣಕಿಲ್ವೇನ್ಲಾ? ಹಂಡೆ ಇಡ್ಕಳ್ಲಾ!"

ಅಣ್ಣ ಬರಿಗೈಯಲ್ಲಿ ಹಂಡೆ ಹಿಡಿದ. ಅಂಗೈ ಬೊಬ್ಬೆ ಬಂತು. ಅವ್ವ ಬೈಯುತ್ತಲೇ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದಳು. ಬಿಷಪರ ಪವಿತ್ರ ತೈಲ ಮುಂದೆ ಗುರುಪಟ್ಟದ ದಿನ ಬೀಳಬೇಕಾಗಿದ್ದ ಅಂಗೈಗಳವು. ಆ ಬೊಬ್ಬೆಗಳ ಸಮೇತ ಅವನು ನಕ್ಕದ್ದನ್ನು ನಾನು ಕಂಡೆ. ಇದನ್ನು ಮೂವರೂ ಒಪ್ಪುತ್ತೇವೆ.

ಅಣ್ಣ ಮಳವಳ್ಳಿಯಲ್ಲಿ ಮೇಷ್ಟ್ರಾದ, ಮದುವೆಯಾದ, ಈಗ ಮೊಮ್ಮಕ್ಕಳಿದ್ದಾರೆ. ಅವನು ದಿನವೂ ಪೂಜೆಗೆ ಹೋಗುತ್ತಾನೆ. ನಾನು ಮದುವೆಗೂ ಮಣ್ಣಿಗೂ ಮಾತ್ರ ಹೋಗುತ್ತೇನೆ. ಹೋದ ವರ್ಷ ಅಕ್ಕನ ಮೊಮ್ಮಗಳನ್ನು ನಮ್ಮೂರಿನ ಹುಡುಗನಿಗೇ ಕೊಡುವುದೆಂದಾಗಿ, ಹೆಸರನ್ನು ನಮ್ಮ ಚರ್ಚಿನಲ್ಲೂ ಕೂಗಿದರು. ಗಾರೆಯ ನೆಲ ಹೋಗಿ ಟೈಲ್ಸ್ ಬಂದಿದೆ, ಬೆಂಚುಗಳಿವೆ, ಗಂಡಸರು ಹೆಂಗಸರು ಕಲೆತು ಕೂರುತ್ತಾರೆ. ಅಣ್ಣ ನನ್ನ ಪಕ್ಕದಲ್ಲಿ ಕೂತಿದ್ದ. ಅವನಿಗೆ ಈಗ ತಾತನ ಕಿವಿ. ಕನ್ನಡ ಸ್ಪಷ್ಟವಾಗಿ ಓದುವ ಯುವ ಫಾದರ್ ಮೈಕಿನಲ್ಲಿ ಎರಡು ಹೆಸರು ಓದಿ, ಈ ಮದುವೆಗೆ ಅಡ್ಡಿಯೇನಾದರೂ ಯಾರಿಗಾದರೂ ತಿಳಿದಿದ್ದರೆ ಎಂದರು.

ಅಣ್ಣನ ಕೈ ತಟ್ಟನೆ ನನ್ನ ತೊಡೆಯ ಮೇಲೆ ಬಿದ್ದು ಗಟ್ಟಿಯಾಗಿ ಒತ್ತಿ ಹಿಡಿಯಿತು.

"ಕೂತ್ಕಳ್ಲಾ," ಎಂದ, ಇಡೀ ಚರ್ಚಿಗೆ ಕೇಳುವಂತೆ.

ನಾನು ಎದ್ದೇ ಇರಲಿಲ್ಲ.